ಆಡಿಯೊ ಪ್ರದರ್ಶನದಲ್ಲಿ ಕಿವಿಗೆ ಬೀಳುವುದು ಸ್ಪೀಕರ್ ಎಷ್ಟು, ಗೋಡೆ ಎಷ್ಟು

ಹೈ-ಎಂಡ್ ಪ್ರದರ್ಶನ ನೋಡಿ ಬಂದವರು "ಆ ಸ್ಪೀಕರ್‌ನಲ್ಲಿ ಬಾಸ್ ಸಾಲದು", "ಇದರ ಟ್ರೆಬಲ್ ಕಿವಿಗೆ ಚುಚ್ಚುತ್ತೆ" ಎಂದು ತೀರ್ಪು ಕೊಟ್ಟಾಗ, ಡೆಮೊ ಕೋಣೆ ಜೋಡಿಸುವ ಕೆಲಸದವರು ಮೊದಲು ಕೇಳುವ ಪ್ರಶ್ನೆ ಒಂದೇ: ಎಲ್ಲಿ ಕೂತಿದ್ದಿರಿ? ಸುಮಾರು 200 ಹರ್ಟ್ಜ್‌ಗಿಂತ ಕೆಳಗೆ ಕೇಳಿಸುವುದರಲ್ಲಿ ಕೋಣೆಯದೇ ದೊಡ್ಡ ಪಾಲು. ಇದನ್ನು ಬಿಟ್ಟು ಬರೆದ ಟಿಪ್ಪಣಿಯಿಂದ ಕೊಳ್ಳುವವರಿಗೂ ಉಪಯೋಗವಿಲ್ಲ, ಮಾರುವವರಿಗೂ ಇಲ್ಲ.

ಮ್ಯೂನಿಕ್‌ನ 'ಹೈ ಎಂಡ್' ಪ್ರದರ್ಶನವನ್ನೇ ನೋಡಿ. 2004ರಿಂದ 2025ರವರೆಗೆ ಅದು ಎಂಒಸಿ ಕಟ್ಟಡದಲ್ಲಿ ನಡೆಯಿತು, 2026ಕ್ಕೆ ವಿಯೆನ್ನಾಗೆ ಸ್ಥಳಾಂತರವಾಯಿತು. ಎಂಒಸಿಯ ನೆಲಮಹಡಿಯ ದೊಡ್ಡ ಹಾಲ್‌ಗಳಲ್ಲಿ ತಾತ್ಕಾಲಿಕ ಕ್ಯಾಬಿನ್‌ಗಳಿದ್ದರೆ, ಮೇಲಿನ ಮಹಡಿಗಳಲ್ಲಿ ಗಾಜು ಹೆಚ್ಚಿರುವ ಕೋಣೆಗಳು. ಕ್ಯಾಬಿನ್‌ನ ತೆಳು ಗೋಡೆ ಬಾಸ್‌ಗೆ ತಾನೂ ಅಲುಗುತ್ತದೆ. ಅಲುಗಿದಷ್ಟು ಶಕ್ತಿ ಅಲ್ಲೇ ಕರಗುತ್ತದೆ, ಇನ್ನಷ್ಟು ಪಕ್ಕದ ಕ್ಯಾಬಿನ್‌ಗೆ ದಾಟುತ್ತದೆ. ಅಲ್ಲಿ "ಬಿಗಿಯಾದ ಬಾಸ್" ಅನ್ನಿಸಿದ ಸ್ಪೀಕರನ್ನೇ ಬೆಂಗಳೂರಿನ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ, ವಿಟ್ರಿಫೈಡ್ ಟೈಲ್ಸ್ ಇರುವ ಹಾಲ್‌ನಲ್ಲಿಟ್ಟರೆ ಗುಂಯ್‌ಗುಡುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಸ್ವಲ್ಪ ತೆಳು ಎನಿಸಿದ್ದು ಇಲ್ಲಿ ಹದವಾಗಿ ಕೂತುಕೊಳ್ಳಬಹುದು.

ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಅನುರಣನ, ಅಂದರೆ ಗೋಡೆಗಳ ನಡುವೆ ಶಬ್ದ ಉಬ್ಬಿ ನಿಲ್ಲುವ ಆವರ್ತನ, ಸಿಗುತ್ತದೆ. 5 ಮೀಟರ್ ಉದ್ದದ ಕೋಣೆಗೆ 34 ಹರ್ಟ್ಜ್, ಎರಡನೆಯದು 68.6. ಈಗ ತಂಬೂರಿ ನುಡಿಸಿ ಕೇಳಿ. ಒಂದೂವರೆ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಕಪ್ಪು ಒಂದಕ್ಕೆ ಕೂಡಿಸಿದ ಗಂಡುದನಿಯ ತಂಬೂರಿಯಲ್ಲಿ ಮಂದ್ರ ಷಡ್ಜ ಸುಮಾರು 69 ಹರ್ಟ್ಜ್‌ಗೆ ಬರುತ್ತದೆ. ಕೋಣೆಯ ನಟ್ಟನಡುವೆ ಕೂತರೆ 34 ಹರ್ಟ್ಜ್ ಹೆಚ್ಚುಕಡಿಮೆ ಮಾಯ, 68.6 ಮಾತ್ರ ಉಬ್ಬಿ ನಿಲ್ಲುತ್ತದೆ. ಹಿಂದಿನ ಗೋಡೆಯಿಂದ 1.25 ಮೀಟರ್‌ಗೆ ಸರಿದರೆ ಅದೇ ಮಂದ್ರ ಷಡ್ಜದ ಬುಡವೇ ಕಳಚಿಹೋಗುತ್ತದೆ. ಸ್ಪೀಕರ್ ಒಂದೇ, ಹಾಡೂ ಒಂದೇ. ಬದಲಾದದ್ದು ಕುರ್ಚಿ ಮಾತ್ರ. ಆರಂಭಕ್ಕೆ ಕುರ್ಚಿಯನ್ನು ಹಿಂದಿನ ಗೋಡೆಯಿಂದ ಉದ್ದದ 38 ಶೇಕಡಾದಷ್ಟು, ಇಲ್ಲಿ 1.9 ಮೀಟರ್, ದೂರ ಇಟ್ಟು ಅಲ್ಲಿಂದ 10-10 ಸೆಂಟಿಮೀಟರ್ ಸರಿಸುತ್ತ ಹೋಗುವುದು ವಾಡಿಕೆ.

ತಂಬೂರಿ ಈ ಕೆಲಸಕ್ಕೆ ಸಿಗುವ ಅತ್ಯುತ್ತಮ ಸಾಧನ. ಅದರ ನಾದದಲ್ಲಿ ಮೂಲಸ್ವರಕ್ಕಿಂತ ಹಾರ್ಮೋನಿಕ್ಸ್‌ನದೇ ಮೇಲುಗೈ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ದಾರ ಮಾಡುವ ಕೆಲಸವೇ ಅದು. ಹಾಗಾಗಿ ನಾಲ್ಕೂ ಮೀಟುಗಳು ಒಂದರೊಳಗೊಂದು ಬೆರೆತು ಹರಿಯಬೇಕು. ಪ್ರತಿ ನಾಲ್ಕನೇ ಮೀಟಿಗೆ ಮಾತ್ರ ಹೊಟ್ಟೆಗೆ ತಾಗುವಂತೆ ಶಬ್ದ ಉಬ್ಬಿದರೆ ಅದು ವಾದ್ಯದ್ದಲ್ಲ, ಬಹುಪಾಲು ಕೋಣೆಯದು. ಟಿಪ್ಪಣಿಯಲ್ಲಿ "ಬಾಸ್ ಜಾಸ್ತಿ" ಎಂದು ಬರೆಯುವ ಮೊದಲು ಅರ್ಧ ಮೀಟರ್ ಮುಂದೆ ಬಾಗಿ ಕೇಳಿ.

ಶಬ್ದ ಹೀಗೆ ಕುಸಿಯುವ ಇನ್ನೊಂದು ಗುಂಡಿ ಸ್ಪೀಕರ್ ಹಿಂದಿನ ಗೋಡೆಯದು. ಬಾಸ್ ನುಡಿಸುವ ವೂಫರ್‌ನಿಂದ ಗೋಡೆಗೆ 1 ಮೀಟರ್ ಇದ್ದರೆ ಹೋಗಿಬರುವ ದಾರಿ 2 ಮೀಟರ್. 86 ಹರ್ಟ್ಜ್‌ನ ಅಲೆಗೆ ಅದು ಸರಿಯಾಗಿ ಅರ್ಧ ಅಲೆ, ಹಾಗಾಗಿ ತಿರುಗಿ ಬಂದ ಶಬ್ದ ನೇರ ಶಬ್ದವನ್ನು ಕೊಲ್ಲುತ್ತದೆ. ಟೇಪನ್ನು ಡಬ್ಬದ ಬೆನ್ನಿನಿಂದ ಹಿಡಿಯಬೇಡಿ, ವೂಫರ್ ಕೋನ್‌ನಿಂದ ಹಿಡಿಯಿರಿ; ಆಳವಾದ ಕ್ಯಾಬಿನೆಟ್‌ನಲ್ಲಿ ಅರ್ಧ ಮೀಟರ್ ತಪ್ಪು ಸುಲಭವಾಗಿ ನುಸುಳುತ್ತದೆ. ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ ಮೂರಕ್ಕೂ ದೂರ ಒಂದೇ ಆದರೆ ಮೂರೂ ಗುಂಡಿಗಳು ಒಂದೇ ಜಾಗಕ್ಕೆ ಬೀಳುತ್ತವೆ. ಆದ್ದರಿಂದ ಅಳತೆಗಳು ಬೇರೆಬೇರೆ ಇರಲಿ. ಇಂಥ ಗುಂಡಿಯನ್ನು 5 ಸೆಂಟಿಮೀಟರ್ ಫೋಮ್ ಅಂಟಿಸಿ ಸರಿಮಾಡಲು ಹೊರಡುವುದು ವ್ಯರ್ಥ. ಅದು ಮೇಲಿನ ಆವರ್ತನಗಳನ್ನಷ್ಟೇ ನುಂಗಿ ಕೋಣೆಯನ್ನು ಇನ್ನೂ ಮಂಕು ಮಾಡುತ್ತದೆ. ಸ್ಪೀಕರನ್ನೇ ಸರಿಸಬೇಕು.

ಡೆಮೊ ಕೋಣೆ ಜೋಡಿಸುವಾಗ ರಾತ್ರಿ ಹನ್ನೊಂದಕ್ಕೆ ಆಗುವ ತಪ್ಪುಗಳೂ ಟಿಪ್ಪಣಿಯಲ್ಲಿ "ಸ್ಪೀಕರ್‌ನ ಗುಣ" ಎಂದು ಸೇರಿಬಿಡುತ್ತವೆ. ಒಂದು ಕಡೆಯ ಪ್ಲಸ್-ಮೈನಸ್ ತಿರುಗಿದ್ದರೆ ಬಾಸ್ ಸೊರಗಿ ಗಾಯಕರ ದನಿ ಎರಡು ಸ್ಪೀಕರ್‌ಗಳ ನಡುವೆ ನಿಲ್ಲದೆ ಕೋಣೆ ತುಂಬ ಚೆದುರುತ್ತದೆ. ಮೋನೊ ದನಿ ಹಾಕಿ, ಒಂದು ಕಡೆಯ ತಂತಿ ಅದಲುಬದಲು ಮಾಡಿ ಕೇಳಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಅದಲುಬದಲಿಗೆ ಮುಂಚೆ ಆಂಪ್ (ಆಂಪ್ಲಿಫೈಯರ್) ಆಫ್ ಮಾಡಿ. ನಾಲ್ಕು ಟರ್ಮಿನಲ್ ಇರುವ ಸ್ಪೀಕರ್‌ಗೆ ಒಂದೇ ಜೊತೆ ಕೇಬಲ್ ಹಾಕುವಾಗ ಟರ್ಮಿನಲ್‌ಗಳನ್ನು ಬೆಸೆಯುವ ಜಂಪರ್ ಪಟ್ಟಿ ಮರೆತರೆ ವೂಫರ್ ಇಲ್ಲವೇ ಟ್ರೆಬಲ್ ನುಡಿಸುವ ಟ್ವೀಟರ್ ಪೂರ್ತಿ ಮೌನ. 50 ಹರ್ಟ್ಜ್ ಹಮ್ ಬಂದರೆ ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ತನ್ನಿ. ಅರ್ತ್ ಪಿನ್ ಕತ್ತರಿಸುವುದು ಪ್ರಾಣಾಪಾಯದ ಕೆಲಸ, ಯಾವ ಕಾರಣಕ್ಕೂ ಬೇಡ.

ವಾಲ್ಯೂಮ್ ವಿಷಯದಲ್ಲಿ ಕಿವಿ ಮೋಸ ಹೋಗುವಷ್ಟು ಬೇರೆಲ್ಲೂ ಹೋಗುವುದಿಲ್ಲ. ಜೋರು ಹೆಚ್ಚಿದಂತೆ ಬಾಸ್ ತುಂಬಿಕೊಂಡಂತೆ ಕೇಳಿಸುತ್ತದೆ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮುನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಎರಡು ಸ್ಪೀಕರ್ ಹೋಲಿಸುವಾಗ ಕುರ್ಚಿಯ ಜಾಗದಲ್ಲಿ ಮೀಟರ್ ಇಟ್ಟು, ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಬೆರೆತ ಪರೀಕ್ಷೆಯ ಸದ್ದು) ಹಾಕಿ, ಎರಡನ್ನೂ 78 ಡೆಸಿಬಲ್ ಆಸುಪಾಸಿನಲ್ಲಿ ಅರ್ಧ ಡೆಸಿಬಲ್ ಒಳಗೆ ತನ್ನಿ. ಕ್ಯಾಟಲಾಗ್‌ನ ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಜೋರು ಎಂಬ ಅಂಕಿ) ನಂಬಿ ವಾಲ್ಯೂಮ್ ಇಡಬೇಡಿ. ಅದನ್ನು 2.83 ವೋಲ್ಟ್‌ಗೆ ಕೊಡುತ್ತಾರೆ. 8 ಓಮ್ ಸ್ಪೀಕರ್‌ಗೆ ಅದು 1 ವಾಟ್, 4 ಓಮ್‌ನದಕ್ಕೆ 2 ವಾಟ್. 4 ಓಮ್‌ನದು 3 ಡೆಸಿಬಲ್ ಮುಂದಿರುವಂತೆ ಕಾಣಲು ಅಷ್ಟು ಸಾಕು. ಸರಾಸರಿ 1 ವಾಟ್‌ನಲ್ಲಿ ಹಾಡು ನಡೆಯುತ್ತಿದ್ದರೂ ಅದಕ್ಕಿಂತ 20 ಡೆಸಿಬಲ್ ಮೇಲೇಳುವ ಮೃದಂಗದ ಏಟಿಗೆ 100 ವಾಟ್ ಬೇಕು. ಸಣ್ಣ ಆಂಪ್ ಅಲ್ಲಿ ಕ್ಲಿಪ್ ಆದರೆ, ಅಂದರೆ ತಾಕತ್ತು ಸಾಲದೆ ದನಿ ಒಡೆದರೆ, ಬೈಗುಳ ಮಾತ್ರ ಸ್ಪೀಕರ್‌ಗೆ.

ಸ್ಪೀಕರ್‌ನ ಜಾತಿ ನೋಡಿ ಕೂರುವ ಜಾಗ ಆರಿಸಿಕೊಳ್ಳಿ. ಬರ್ಲಿನ್‌ನ ಎಂಬಿಎಲ್ 101 ಸುತ್ತಲೂ ಶಬ್ದ ಹರಡುವಂಥದ್ದು. ಪಕ್ಕದ ಕುರ್ಚಿಯಲ್ಲೂ ನಷ್ಟ ಕಡಿಮೆ, ಆದರೆ ಗೋಡೆ ಹತ್ತಿರವಾದರೆ ಯಾವ ದನಿ ಎಲ್ಲಿಂದ ಎಂಬ ಚಿತ್ರ ಕಲಸಿಹೋಗುತ್ತದೆ. ಕೆಇಎಫ್ 1988ರಲ್ಲಿ ತಂದ ಯೂನಿ-ಕ್ಯೂನಲ್ಲಿ ಟ್ವೀಟರ್ ಮಿಡ್ (ಮಧ್ಯದ ಆವರ್ತನಗಳ) ಕೋನ್‌ನ ನಡುವೆಯೇ ಇದೆ, ಹಾಗಾಗಿ ನಿಂತು ಕೇಳಿದರೂ ದನಿಯ ಬಣ್ಣ ಅಷ್ಟಾಗಿ ಬದಲಾಗದು. ವೂಫರ್, ಟ್ವೀಟರ್‌ನಂಥ ಡ್ರೈವರ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಎತ್ತರದ ಸ್ಪೀಕರ್‌ಗಳ ಮಾತು ಬೇರೆ. ಬಾಗಿಲ ಬಳಿ ನಿಂತವರ ಕಿವಿಗೆ ಎರಡು ಡ್ರೈವರ್‌ಗಳಿಂದ ಬರುವ ದೂರ ಬದಲಾಗಿ ಒಂದು ಡ್ರೈವರ್‌ನಿಂದ ಇನ್ನೊಂದಕ್ಕೆ ಕೆಲಸ ದಾಟುವ ಕ್ರಾಸ್‌ಓವರ್ ಇರುವಲ್ಲಿ, ಹೆಚ್ಚಾಗಿ 2-3 ಕಿಲೋಹರ್ಟ್ಜ್‌ನಲ್ಲಿ, ಹಳ್ಳ ಬೀಳುತ್ತದೆ. ಅಲ್ಲಿ ನಿಂತು "ದನಿ ಹಿಂದೆ ಸರಿದಿದೆ" ಎಂದು ಬರೆದದ್ದನ್ನು ನೆಚ್ಚಿಕೊಳ್ಳಲಾಗದು. ಎಲೆಕ್ಟ್ರೋಸ್ಟಾಟಿಕ್ ಫಲಕಗಳು ಹಿಂದಕ್ಕೂ ಮುಂದಿನಷ್ಟೇ ಶಬ್ದ ಬಿಡುವುದರಿಂದ ಅವುಗಳ ಹಿಂದೆ 1 ಮೀಟರ್‌ಗಿಂತ ಹೆಚ್ಚು ಜಾಗವಿದೆಯೇ ಎಂದು ನೋಡಿದ ಮೇಲೆ ಕೂತುಕೊಳ್ಳಿ.

ಕೋಣೆ ತುಂಬಿದಾಗ ಹದಿನೈದು ಮಂದಿಯ ಮೈ-ಬಟ್ಟೆ ಟ್ರೆಬಲ್ ಹೀರುತ್ತದೆ, ಬಾಸ್ ಹಾಗೇ ಉಳಿಯುತ್ತದೆ. ಖಾಲಿ ಕೋಣೆಯಲ್ಲಿ ಹದಮಾಡಿದ್ದು ಮಧ್ಯಾಹ್ನ ಮಂಕಾಗುವುದು ಅದಕ್ಕೇ. ಟ್ವೀಟರ್ ಗುಣ ತಿಳಿಯಬೇಕಿದ್ದರೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋಗಿ, ಕನ್ನಡ ದನಿ ಹಾಕಿಸಿಕೊಳ್ಳಿ. ನಮ್ಮ ಸ ಮತ್ತು ಶ ಬೇರೆಬೇರೆ ಎತ್ತರದಲ್ಲಿ ಸೀಳುತ್ತವೆ: ಶ ಸುಮಾರು 3-4 ಕಿಲೋಹರ್ಟ್ಜ್‌ನಲ್ಲಿ, ಸ ಅದಕ್ಕಿಂತ ಮೇಲೆ. "ಶಶಿ", "ಸಾಸಿವೆ" ಎರಡೂ ಒಂದೇ ಥರ ಸುಯ್ ಎಂದರೆ ಆ ಆವರ್ತನಗಳಲ್ಲಿ ಉಬ್ಬು ಇದೆ ಎಂದು ಗುಮಾನಿ ಪಡಬಹುದು. ಆಮೇಲೆ ಮೃದಂಗದ ಬಲಮುಖ. ಅಲ್ಲಿನ ಕರಣೆಯಿಂದಾಗಿ (ನಡುವೆ ಮೆತ್ತಿದ ಕಪ್ಪು ಲೇಪ) ಮೇಲಿನ ಸ್ವರಗಳು ಪೂರ್ಣಸಂಖ್ಯೆಯ ಅನುಪಾತದಲ್ಲಿ ಕೂರುತ್ತವೆ ಎಂಬುದನ್ನು ಸಿ.ವಿ. ರಾಮನ್ 1934ರ ಲೇಖನದಲ್ಲಿ ವಿವರಿಸಿದ್ದಾರೆ. ಆದ್ದರಿಂದ ಆ ಏಟಿಗೆ ಸ್ಪಷ್ಟ ಶ್ರುತಿ ಇರಬೇಕು. ಬರೀ 'ಟಕ್' ಕೇಳಿ ಶ್ರುತಿ ಕೇಳದಿದ್ದರೆ ಮಿಡ್‌ರೇಂಜ್ ಕಡೆ ಗಮನ ಕೊಡಿ.

ಟಿಪ್ಪಣಿಯ ತಲೆಯಲ್ಲಿ ಐದು ಸಂಗತಿ ಇರಲಿ: ಸ್ಪೀಕರ್‌ಗೆ ದೂರ, ಕುರ್ಚಿಯ ಹಿಂದಿನ ಗೋಡೆಗೆ ದೂರ, ಎಷ್ಟು ಡೆಸಿಬಲ್, ಎಷ್ಟು ಮಂದಿ ಇದ್ದರು, ಯಾವ ಹಾಡಿನ ಯಾವ ಜಾಗ. ಬೆಲೆಯ ಚೀಟಿ ನೋಡುವ ಮೊದಲೇ ಕಣ್ಣು ಮುಚ್ಚಿ ಒಂದು ಸುತ್ತು ಕೇಳಿ ಬರೆದುಬಿಡಿ. ಸ್ಪೀಕರ್ ಕಣ್ಣಿಗೆ ಕಂಡಾಗ ಮತ್ತು ಕಾಣದಿದ್ದಾಗ ಅದೇ ಕೇಳುಗರು ಕೊಡುವ ಅಂಕಗಳು ಬದಲಾಗುವುದನ್ನು ಆಡಿಯೊ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ತೋರಿಸಿದ್ದಾರೆ. ಎರಡನೇ ಸುತ್ತನ್ನು ಕಣ್ಣು ಬಿಟ್ಟು ಕೇಳಿ, ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ.