ಹೊಣೆಯನ್ನು ಜಪಾನಿ ಭಾಷೆಯಲ್ಲಿ ಹೇಳುವಾಗ

ಮೈಸೂರಿನಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿ ಬಿಡದಿಯ ಜಪಾನಿ ಕಾರ್ಖಾನೆಗಳಲ್ಲಿ ಕೆಲಸ ಹುಡುಕುವವರಿಗೆ ನಾನು ಸಂಜೆ ಹೊತ್ತು ಜಪಾನಿ ಭಾಷೆ ಹೇಳಿಕೊಡುತ್ತೇನೆ. ನುರಿತ ಕೆಲಸಗಾರರನ್ನು ಕಳುಹಿಸುವ ಬಗ್ಗೆ 2021ರಲ್ಲಿ ಭಾರತ ಮತ್ತು ಜಪಾನ್ ಒಪ್ಪಂದ ಮಾಡಿಕೊಂಡಿರುವುದರಿಂದ, ಜಪಾನಿಗೇ ಹೋಗುವ ಆಸೆಯಿಟ್ಟುಕೊಂಡವರೂ ಇವರಲ್ಲಿದ್ದಾರೆ. ಕೆಲಸಕ್ಕೆ ಸಂಬಂಧಿಸಿದ ಪದಗಳನ್ನು ಅನೇಕರು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಆದರೆ ಯಾವ ಪದದ ಜೊತೆ ಯಾವ ಕ್ರಿಯಾಪದ ಬರುತ್ತದೆಂದು ತಿಳಿಯದಿದ್ದರೆ ಆ ಪಟ್ಟಿ ಸಂದರ್ಶನದಲ್ಲಿ ಉಪಯೋಗಕ್ಕೆ ಬರುವುದಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಕಲಿಯಬೇಕಾದದ್ದು 'ತಂತೋ'. ಒಬ್ಬರ ಪಾಲಿಗೆ ವಹಿಸಿಕೊಟ್ಟ ಕೆಲಸವೆಂದು ಅದರ ಅರ್ಥ. 'ಹಿನ್‌ಶಿತ್ಸು ಕನ್‌ರಿ ಒ ತಂತೋ ಶಿತೆ ಇಮಸು' ಎಂದರೆ 'ಗುಣಮಟ್ಟ ನಿಯಂತ್ರಣವನ್ನು ನೋಡಿಕೊಳ್ಳುತ್ತಿದ್ದೇನೆ' ಎಂದಾಯಿತು. ನಮ್ಮ 'ಅನ್ನು' ಇರುವ ಕಡೆಯೇ ಅವರ 'ಒ' ಕೂರುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಆದ್ದರಿಂದ ಇಂಗ್ಲಿಷಿನ ಮೂಲಕ ಸುತ್ತಿ ಬರದೆ ನೇರವಾಗಿ ಕನ್ನಡದಿಂದಲೇ ಕಲಿಯಿರಿ ಎಂದು ಒತ್ತಿ ಹೇಳುತ್ತೇನೆ.

ಹೆಚ್ಚು ಎಚ್ಚರ ಬೇಕಾದದ್ದು 'ಸೆಕಿನಿನ್', ಅಂದರೆ ಹೊಣೆ. 'ಸೆಕಿನಿನ್ ಒ ಮೊತ್ಸು' ಎಂದರೆ ಕೆಲಸದ ಹೊಣೆಯನ್ನು ಮುಂಚಿತವಾಗಿಯೇ ತನ್ನದೆಂದು ಇಟ್ಟುಕೊಂಡು ನಡೆಸುವುದು. 'ಸೆಕಿನಿನ್ ಒ ತೊರು' ಎಂಬ ಮಾತು ಸಾಮಾನ್ಯವಾಗಿ ಏನೋ ಕೆಟ್ಟುಹೋದ ಮೇಲೆ ಬರುತ್ತದೆ. ಕ್ಷಮೆ ಕೇಳುವುದು, ನಷ್ಟ ತುಂಬುವುದು, ಹುದ್ದೆ ಬಿಡುವುದು ಎಲ್ಲವೂ ಅದರೊಳಗಿವೆ. 'ಜವಾಬ್ದಾರಿ ತೆಗೆದುಕೊಳ್ಳುತ್ತೇನೆ' ಎಂದುಕೊಂಡು ಉತ್ಸಾಹದಿಂದ 'ತೊರು' ಬಳಸುವ ಅಭ್ಯರ್ಥಿಯ ಮಾತು, ಆಗದ ಅನಾಹುತಕ್ಕೆ ತಲೆಬಾಗಿದಂತೆ ಕೇಳಿಸಬಹುದು. ಕಾನೂನು ವಿಧಿಸುವ ಕರ್ತವ್ಯಕ್ಕೆ 'ಗಿಮು' ಇದೆ; ದಿನನಿತ್ಯದ ಕೆಲಸಕ್ಕೆ ಅದು ಭಾರವಾಯಿತು.

ವರದಿ, ಮಾಹಿತಿ ಮುಟ್ಟಿಸುವಿಕೆ, ಸಮಾಲೋಚನೆ ಎಂಬ ಅರ್ಥದ 'ಹೋಕೊಕು', 'ರೆನ್‌ರಕು', 'ಸೋದನ್' ಪದಗಳ ಮೊದಲಕ್ಷರಗಳು ಸೇರಿ 'ಹೋರೆನ್‌ಸೋ' ಆಗಿದೆ. ಷೇರು ವ್ಯವಹಾರದ ಕಂಪನಿಯೊಂದರ ಮುಖ್ಯಸ್ಥರು 1982ರಲ್ಲಿ ಪ್ರಚಾರಕ್ಕೆ ತಂದ ಈ ಪದ್ಧತಿಯನ್ನು ಹೊಸಬರಿಗೆ ಮೊದಲೇ ಕಲಿಸುತ್ತಾರೆ.

ಪಾಳಿ ಬದಲಾಗುವಾಗ ಕೆಲಸ ಒಪ್ಪಿಸುವುದಕ್ಕೆ 'ಹಿಕಿತ್ಸುಗಿ' ಎನ್ನುತ್ತಾರೆ. ಇದಕ್ಕಾಗಿ ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿಯನ್ನು ಊಹಿಸಿಕೊಂಡು ಟಿಪ್ಪಣಿ ಬರೆಸುತ್ತೇನೆ. ಬಾಯ್ಲರಿನಲ್ಲಿ ತೊಂದರೆಯಿಲ್ಲದಿದ್ದರೆ 'ಇಜೋ ನಶಿ' ಸಾಕು. ಪಂಪಿನಿಂದ ಎಣ್ಣೆ ಸೋರುತ್ತಿದ್ದರೆ 'ಅಬುರಮೊರೆ' ಎಂದು ಬರೆದು, ಎಷ್ಟು ಗಂಟೆಗೆ ಕಂಡಿತು, ಯಾರಿಗೆ ತಿಳಿಸಲಾಯಿತು, ಮುಂದಿನ ಪಾಳಿಯಲ್ಲಿ ಅದು ಯಾರ ತಂತೋ ಎಂಬುದನ್ನೂ ಸೇರಿಸಬೇಕು.