ಪಾಟಿ ಸವಾಲಿನಲ್ಲಿ ಕೇಳಬಾರದ ಪ್ರಶ್ನೆ

ಪುಣೆಯ ಶಿವಾಜಿನಗರದಲ್ಲೋ ಮುಂಬೈ ಸೆಷನ್ಸ್ ಕೋರ್ಟಿನಲ್ಲೋ ಅತ್ಯಾಚಾರ ಪ್ರಕರಣದ ಸಾಕ್ಷಿ ಹೇಳಬೇಕಾದ ಕನ್ನಡತಿಗೆ ಮೊದಲು ತಿಳಿಸಬೇಕಾದ್ದು ಇದು: ಒಪ್ಪಿಗೆ ಇತ್ತೇ ಎಂಬುದೇ ವಿವಾದವಾಗಿರುವಾಗ, ಅದನ್ನು ಸಾಬೀತುಪಡಿಸಲು ಆಕೆಯ ನಡತೆಯನ್ನೋ ಹಿಂದಿನ ಲೈಂಗಿಕ ಸಂಬಂಧವನ್ನೋ ಕೆದಕುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 48 ಮತ್ತು 149ನೇ ಕಲಮುಗಳು ಹಾಗೆ ಹೇಳುತ್ತವೆ. 'ಯಾರೊಂದಿಗೇ ಆಗಲಿ' ಎಂಬ ಮಾತು ಕಾನೂನಿನಲ್ಲೇ ಇದೆ. ಹಾಗಾಗಿ ಆರೋಪಿಯೊಂದಿಗಿನ ಹಳೆಯ ಸಂಬಂಧವೂ ಇದರೊಳಗೆ ಬರುತ್ತದೆ. ಹಲವರು ಎಡವುವುದು ಇಲ್ಲಿಯೇ.

ಘಟನೆಯ ಸಮಯ, ದೂರು ತಡವಾದದ್ದು, ಹಿಂದಿನ ಹೇಳಿಕೆಯೊಂದಿಗಿನ ವ್ಯತ್ಯಾಸ ಇವನ್ನೆಲ್ಲ ಕೇಳಬಹುದು. ಅದು ಆರೋಪಿಯ ಹಕ್ಕು.

ತೊಂದರೆ ಬರುವುದು ಭಾಷೆಯಿಂದ. ಪ್ರಶ್ನೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ, ದುಭಾಷಿ ಅದನ್ನು ಕನ್ನಡಕ್ಕೆ ತರುತ್ತಾರೆ. ಆಕ್ಷೇಪ ಎತ್ತಬೇಕಾದ್ದು ಆ ನಡುವಿನ ಕ್ಷಣದಲ್ಲಿ, ಉತ್ತರ ಬರುವ ಮೊದಲೇ. ಆಮೇಲೆ ಎತ್ತಿದರೆ ಉತ್ತರ ಆಗಲೇ ಬರಹಕ್ಕೆ ಇಳಿದಿರುತ್ತದೆ. ಪ್ರಶ್ನೆ, ಆಕ್ಷೇಪ, ನ್ಯಾಯಾಧೀಶರ ತೀರ್ಮಾನ ಮೂರೂ ದಾಖಲಾಗಲಿ ಎಂದು ಪ್ರಾಸಿಕ್ಯೂಟರ್ ಒತ್ತಾಯಿಸಲೇಬೇಕು. ಮೇಲ್ಮನವಿಗೆ ಆಧಾರ ಅದೇ. ಸುತ್ತಿ ಬಳಸಿ ಬರುವ ಪ್ರಶ್ನೆಗಳ ಬಗ್ಗೆಯೂ ಎಚ್ಚರ ಬೇಕು: 'ರಾತ್ರಿ ಯಾರ ಜೊತೆ ಇರುತ್ತಿದ್ದಿರಿ?'

ಸಂತ್ರಸ್ತೆ ಮಗುವಾಗಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 33ನೇ ಕಲಮಿನಂತೆ ವಕೀಲರು ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಮಗುವನ್ನು ಕೇಳುವವರು ನ್ಯಾಯಾಧೀಶರೇ.

ವೈದ್ಯಕೀಯ ವರದಿಯನ್ನೂ ಮುಂಚೆಯೇ ಓದಿ. ಯೋನಿಯೊಳಗೆ ಬೆರಳಿಟ್ಟು ಹಿಂದೆ ಸಂಭೋಗ ನಡೆದಿತ್ತೇ ಎಂದು ನೋಡುವ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲೂ 2022ರಲ್ಲೂ ಖಂಡಿಸಿದೆ. 'ಸಂಭೋಗದ ಅಭ್ಯಾಸ' ಎಂಬ ಸಾಲು ವರದಿಯಲ್ಲಿ ಕಂಡರೆ, ವೈದ್ಯರ ಸಾಕ್ಷ್ಯಕ್ಕೆ ಮೊದಲೇ ಪ್ರಾಸಿಕ್ಯೂಟರ್ ಗಮನಕ್ಕೆ ತನ್ನಿ.