ಮೂಟೆ ಅಂದ್ರೆ ಎಷ್ಟು ಕೆಜಿ ಅಂತ ಎಐ ಏಜೆಂಟ್‌ಗೆ ಹೇಳಿದ್ದೀರಾ?

ಚಿಕ್ಕಮಗಳೂರಲ್ಲಿ ಕಾಫಿ ರೇಟು ಅಂದ್ರೆ 50 ಕೆಜಿ ಮೂಟೆಯ ರೇಟು, ಇಲ್ಲಿ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಎಐ ಏಜೆಂಟ್‌ಗೆ, ಅಂದ್ರೆ ಟೂಲ್‌ಗಳನ್ನು ಬಳಸಿ ನಿಮ್ಮ ಪರವಾಗಿ ಕೆಲಸ ಮಾಡುವ ಎಐಗೆ, ಹೇಳಲೇಬೇಕು. ಸಾಮಾನ್ಯವಾಗಿ ಅದಕ್ಕೆ ನಿಮ್ಮ ಟೂಲ್‌ನ (ಅದು ಕರೆದು ಬಳಸುವ ಪ್ರೋಗ್ರಾಂನ) ಕೋಡ್ ಕಾಣುವುದಿಲ್ಲ; ಕಾಣುವುದು ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಸ್ಕೀಮಾ (ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕು ಅನ್ನುವ ಪಟ್ಟಿ), ಇಷ್ಟೇ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂತ್ರೊಪಿಕ್ ಬಿಟ್ಟ ಎಂಸಿಪಿಯಲ್ಲೂ (ಎಐಗೆ ಟೂಲ್‌ಗಳನ್ನು ಜೋಡಿಸುವ ಮುಕ್ತ ಮಾನದಂಡ) ಇದೇ ಕಥೆ. ಹಾಗಾಗಿ ಕಾಫಿ ರೇಟು ಹೇಳುವ ಟೂಲ್‌ನ ವಿವರಣೆಯಲ್ಲಿ 'ರೇಟು ಕೊಡುತ್ತದೆ' ಅಂತ ಸುಮ್ನೆ ಒಂದು ಸಾಲು ಗೀಚಿದರೆ ಸಾಲದು. ಯಾವ ಬಗೆಯ ಕಾಫಿ (ಅರೇಬಿಕಾ ಪಾರ್ಚ್‌ಮೆಂಟಾ ರೊಬಸ್ಟಾ ಚೆರ್ರಿಯಾ), ರೇಟು ಕೆಜಿಗಾ ಮೂಟೆಗಾ, ತಾರೀಖು ಹೇಗೆ ಬರೆಯಬೇಕು (03/04 ಅಂದ್ರೆ ಏಪ್ರಿಲ್ಲೋ ಮಾರ್ಚೋ?), ಆ ದಿನದ ರೇಟು ಇಲ್ಲದಿದ್ದರೆ ಏನು ವಾಪಸ್ ಬರುತ್ತದೆ, ಎಲ್ಲ ಬರೆಯಿರಿ. ಖಾಲಿ ಉತ್ತರ ಸಿಕ್ಕರೆ ಏಜೆಂಟ್ ತಾನೇ ಒಂದು ರೇಟು ಊಹಿಸಿಬಿಡಬಹುದು! ಎರರ್ ಸಂದೇಶದಲ್ಲೇ 'ತಾರೀಖು 2025-04-03 ಹೀಗೆ ಕೊಡಿ' ಅಂತ ಇದ್ದರೆ, ಅದನ್ನು ಓದಿಕೊಂಡು ಸರಿಯಾಗಿ ಮತ್ತೆ ಕೇಳುವ ಸಾಧ್ಯತೆ ಜಾಸ್ತಿ. ಡಿಲೀಟ್ ಮಾಡುವ ಟೂಲ್‌ಗೆ ಮಾತ್ರ ವಿವರಣೆಯನ್ನೇ ನಂಬಬೇಡಿ, ಕೋಡ್‌ನಲ್ಲೇ ತಡೆ ಹಾಕಿ.